ಎರಡು ಕ್ಯಾನ್ ನೀರು, ಒಂದು ನೌಕರಿ

ಬೆಳಿಗ್ಗೆ ಆರೂವರೆಗೆ ಅನೀಸಾ ಒಲೆಯ ಮೇಲೆ ಎರಡು ಪಾತ್ರೆ ಇಟ್ಟರು. ಒಂದೊಂದರಲ್ಲಿ ಇಪ್ಪತ್ತು ರೇಷ್ಮೆ ಗೂಡು ಬೇಯುತ್ತಿದ್ದವು. ಚಹಾಕ್ಕೆಂದು ಅಡುಗೆಮನೆಗೆ ಬಂದ ಗಂಡ ವಾಸಿಂ ವಾಸನೆ ಹಿಡಿದು ಹಾಗೆಯೇ ಹಿಂದಕ್ಕೆ ಹೋದರು.

ರಾಮನಗರದ ನೂಲು ಬಿಚ್ಚುವ ಘಟಕವೊಂದರಲ್ಲಿ ಅನೀಸಾ ಇಪ್ಪತ್ತೆರಡು ವರ್ಷದಿಂದ ಬಿಸಿನೀರಿಗೆ ಬೆರಳು ಅದ್ದುತ್ತಿದ್ದಾರೆ. ಮಾಲೀಕ ಖಾಸಿಂ ಸಾಹೇಬರು ಜೂನ್ ಮುಗಿಯುತ್ತಲೇ ಘಟಕ ಮುಚ್ಚಿ ಅಲ್ಲಿ ಮದುವೆ ಹಾಲ್ ಕಟ್ಟಲಿದ್ದಾರೆ. ಗೂಡು ಬೇಯಿಸುವುದಕ್ಕಿಂತ ಬಿರಿಯಾನಿ ಬೇಯಿಸುವುದು ಲಾಭವೆಂಬ ಜ್ಞಾನೋದಯ ಅವರಿಗೆ ಸ್ವಲ್ಪ ತಡವಾಗಿ ಆಗಿದೆ.

ಅದೇ ಹೊತ್ತಿಗೆ ಅನೀಸಾಗೆ ಎರಡು ಕಡೆಯಿಂದ ಕರೆ ಬಂತು. ಹೈದರಾಬಾದಿನ ಕಂಪನಿ ಅವರನ್ನು ‘ಮಾಸ್ಟರ್ ಟ್ರೈನರ್’ ಮಾಡುತ್ತೇನೆಂದಿತು. ಕೊಯಮತ್ತೂರಿನ ಗಿರಣಿ ‘ಮೇಸ್ತ್ರಿ’ ಎಂದಷ್ಟೇ ಬರೆದು, ಸಂಬಳವನ್ನೂ ಅದಕ್ಕೆ ತಕ್ಕಂತೆ ಕಡಿಮೆ ಹೇಳಿತು. ಷರತ್ತು ಮಾತ್ರ ಎರಡೂ ಕಡೆ ಒಂದೇ: ಮೂರು ತಿಂಗಳಲ್ಲಿ ಒಳ್ಳೆಯ ನೂಲು ತೆಗೆಸಬೇಕು, ಇಲ್ಲವಾದರೆ ವಾಪಸ್. ವಾಪಸ್ ಬಂದರೆ ಕೂರಲು ಮದುವೆ ಹಾಲ್ ಇರುತ್ತದೆ, ಕೆಲಸವಿರುವುದಿಲ್ಲ.

ಸಮಸ್ಯೆಯನ್ನು ಮನೆಯವರು ಒಂದೇ ಸಂಜೆಯಲ್ಲಿ ಬಗೆಹರಿಸಿದರು. ಅತ್ತೆ ಗುಲ್ಜಾರ್ ಬೀ ಪ್ರಕಾರ ಹೈದರಾಬಾದ್, ಏಕೆಂದರೆ ಅಲ್ಲಿ ಬೈದರೂ ನಮ್ಮ ಭಾಷೆಯಲ್ಲೇ ಬೈಯುತ್ತಾರೆ. ವಾಸಿಂ ಪ್ರಕಾರವೂ ಹೈದರಾಬಾದ್. ಅವರು ಕಾರಣ ಕೊಡಲಿಲ್ಲ, ಹೋಟೆಲುಗಳ ಹೆಸರು ಹೇಳಿದರು. ಗೂಡು ಮಾರಲು ಬರುವ ವಿರೂಪಾಕ್ಷಿಪುರದ ರೈತ ಚಲುವಯ್ಯ ಎರಡೂ ಊರನ್ನು ನೋಡಿರಲಿಲ್ಲವಾದ್ದರಿಂದ ಎಲ್ಲರಿಗಿಂತ ಖಚಿತವಾಗಿದ್ದರು. “ಕೊಯಮತ್ತೂರು ಬ್ಯಾಡ ಕಣಮ್ಮ, ಬೋ ದೂರ ಆಯ್ತದೆ.”

ಅನೀಸಾ ಕೇಳಿದ್ದು ಒಂದನ್ನೇ: ನೀರು ಹೇಗಿದೆ? ಗಡಸು ನೀರಿನಲ್ಲಿ ಬೆಂದ ಗೂಡಿನ ಎಳೆ ಒರಟಾಗುತ್ತದೆ, ಕಡಿಯುತ್ತದೆ. ಎಳೆ ಕಡಿದರೆ ನೌಕರಿಯೂ ಕಡಿದಂತೆ. ಎರಡೂ ಕಡೆಯವರಿಗೆ ಐದೈದು ಲೀಟರ್ ನೀರು ಕಳಿಸಿ ಎಂದರು. ಕೊಯಮತ್ತೂರಿನವರು ಕಲೆಗಟ್ಟಿದ ಹಳೇ ಕ್ಯಾನಿಗೆ ನೀರು ತುಂಬಿ, ಒಂದು ಚೀಟಿಯೂ ಇಲ್ಲದೆ ಬಸ್ಸಿಗೆ ಹಾಕಿದರು. ಹೈದರಾಬಾದಿನಿಂದ ಹೊಚ್ಚ ಹೊಸ ಕ್ಯಾನ್ ಬಂತು, ಜೊತೆಗೆ ಉದ್ಯೋಗಿಗಳ ಯೋಗಕ್ಷೇಮವೇ ತಮ್ಮ ಉಸಿರು ಎಂಬ ಪತ್ರ.

ಆ ಬೆಳಿಗ್ಗೆ ಒಲೆಯ ಮೇಲಿನ ಎರಡು ಪಾತ್ರೆಗಳಲ್ಲಿದ್ದದ್ದು ಇವೇ ಎರಡು ನೀರು. ಘಟಕದ ಜೊತೆಗಾರ್ತಿ ಲತಾಮಣಿ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಕೊಯಮತ್ತೂರಿನ ನೀರಿನಲ್ಲಿ ಬೆಂದ ಗೂಡಿನ ಎಳೆ ಒಂಬತ್ತು ಸಲ ಕಡಿದಿತ್ತು. ಹೈದರಾಬಾದಿನದು ಒಮ್ಮೆಯೂ ಇಲ್ಲ.

“ಇನ್ನೇನ್ ಅನೀಸಕ್ಕ, ಐದ್ರಾಬಾದೇ ಆಯ್ತಲ್ಲ. ಗಂಟುಮೂಟೆ ಕಟ್ಟು.”

“ತಡಿಯೇ ಒಸಿ. ಇದ್ನ ನೋಡು.”

ಕ್ಯಾನುಗಳಲ್ಲಿ ಉಳಿದಿದ್ದ ನೀರನ್ನು ಅನೀಸಾ ಬೇರೆ ಪಾತ್ರೆಗಳಲ್ಲಿ ಕುದಿಸಿ ಇಂಗಿಸಿದ್ದರು. ಕೊಯಮತ್ತೂರಿನ ಪಾತ್ರೆಯ ತಳದಲ್ಲಿ ಸುಣ್ಣ ಬಳಿದಂತೆ ಬಿಳಿ ಪೊರೆ. ಹೈದರಾಬಾದಿನದು ತೊಳೆದಿಟ್ಟಂತಿತ್ತು.

“ಚೆನ್ನಾಗೈತಲ್ಲಕ್ಕ.”

“ಜಾಸ್ತೀನೇ ಚೆನ್ನಾಗೈತೆ. ಬೋರ್ ನೀರು ಎಲ್ಲಾದ್ರೂ ಹಿಂಗಿರ್ತದಾ?”

“ಆಸ್ಪತ್ರೆ ಡ್ರಿಪ್ಪು ಕಳ್ಸವ್ರೇನೋ ಬುಡು!”

ಅನೀಸಾ ಹೈದರಾಬಾದಿಗೆ ಫೋನ್ ಮಾಡಿದರು. ಎಚ್‌ಆರ್ ಅಧಿಕಾರಿ ಶೀಬಾ ಹೆಮ್ಮೆಯಿಂದಲೇ ಒಪ್ಪಿಕೊಂಡರು: ಅದು ಕಚೇರಿಯ ಫಿಲ್ಟರಿನ ನೀರು, ಮೇಡಂ ಕುಡಿದು ನೋಡಲಿ ಎಂದು ಕಳಿಸಿದ್ದು. ಕಾರ್ಖಾನೆಯ ಬೋರ್ ನೀರು ಹೇಗಿದೆ ಎಂದು ಕೇಳಿದ್ದಕ್ಕೆ, ಅದು ಬೇರೆ ವಿಭಾಗಕ್ಕೆ ಸೇರಿದ್ದು, ಕೆಲಸಕ್ಕೆ ಬಂದ ಮೇಲೆ ತಿಳಿಯುತ್ತದೆ ಎಂದರು.

“ಈಗೇನಕ್ಕ ಮಾಡೀಯ?” ಎಂದರು ಲತಾಮಣಿ.

“ಕೊಯಮತ್ತೂರೋರದ್ದು ಕೆಟ್ಟ ನೀರೇ ಕಣೆ. ಆದ್ರೆ ಗೂಡು ಬೇಯ್ಸೋ ನೀರ್ನೇ ಕಳ್ಸವ್ರೆ. ಕೆಟ್ಟಿದ್ನ ರಿಪೇರಿ ಮಾಡ್ಬೋದು.”

ಗಡಸು ತೆಗೆಯುವ ಯಂತ್ರ ಹಾಕಿಸಿ, ಮೂರು ತಿಂಗಳನ್ನು ಅದು ಓಡಿದ ದಿನದಿಂದ ಎಣಿಸಿ ಎಂದು ಅನೀಸಾ ಕೊಯಮತ್ತೂರಿಗೆ ತಿಳಿಸಿದರು. ಎರಡು ವರ್ಷದಿಂದ ಎಳೆ ಕಡಿದಾಗಲೆಲ್ಲ ಮೇಸ್ತ್ರಿಯನ್ನು ಬದಲಿಸುತ್ತಿದ್ದ, ನಾಲ್ವರನ್ನು ಹಾಗೆ ಮನೆಗೆ ಕಳಿಸಿದ್ದ ಗಿರಣಿಗೆ ನೀರನ್ನೇ ಬದಲಿಸಬಹುದೆಂಬುದು ಹೊಸ ವಿಚಾರವೆನಿಸಿತು. ಒಪ್ಪಿಕೊಂಡಿತು. ವಾಸಿಂ ಹೈದರಾಬಾದಿನ ಹೋಟೆಲುಗಳ ಹೆಸರನ್ನು ಇನ್ನೊಮ್ಮೆ ಹೇಳಿ, ತಟ್ಟೆಯಲ್ಲಿದ್ದ ಅನ್ನ ಸಾರು ಉಂಡರು.

ಯಂತ್ರ ಕಳೆದ ವಾರ ಗಿರಣಿಗೆ ಬಂದಿದೆ. ಅನೀಸಾ ಜುಲೈ ಮೊದಲ ಸೋಮವಾರ ಕೆಲಸಕ್ಕೆ ಸೇರುತ್ತಾರೆ.