ಅತ್ತೆಯ ಕೌದಿಗೆ ನನ್ನ ಕಳ್ಳ ಹೊಲಿಗೆ

ಬನಹಟ್ಟಿಯಲ್ಲಿ ನಮ್ಮ ಅತ್ತೆ ಹೊಲಿದ ಕೌದಿ ಕಂಡರೆ ಓಣಿಯ ಹೆಂಗಸರು ಮಡಿಕೆ ಬಿಚ್ಚಿ ನೋಡಿಯೇ ಮುಂದೆ ಹೋಗುವುದು. ಹಳೇ ಸೀರೆಯನ್ನು ನೂಲಿನ ಗುಂಟ ಹರಿದು ಗೇಣಗಲದ ಪಟ್ಟಿ ಮಾಡಿ, ಪಟ್ಟಿಗೆ ಪಟ್ಟಿ ಜೋಡಿಸಿ ಕೈಯಿಂದಲೇ ಹೊಲಿಯುತ್ತಿದ್ದರು. ಮನೆಯಲ್ಲಿ ಮಶೀನ್ ಇತ್ತು. ಅದರಲ್ಲಿ ಹೊಲಿದಿದ್ದು ಕೌದಿಯಲ್ಲ, ಚೀಲ ಎಂದು ಅವರ ವಾದ.

ಹೋದ ವರ್ಷ ನನ್ನ ಮಗಳ ಬಾಣಂತನಕ್ಕೆಂದು ಒಂದು ಕೌದಿ ಹಿಡಿದರು. ಅಷ್ಟೊತ್ತಿಗೆ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ನಾನೇ ಪೋಣಿಸಿಕೊಡಬೇಕು. ಹೊಲಿಗೆಯೋ, ಚಿಮ್ಮಡದ ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋದ ಹಾಗೆ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ. ಅವರ ಕೈಹೊಲಿಗೆ ಹೀಗಾಗಿದ್ದನ್ನು ನೋಡಲಾಗಲಿಲ್ಲ. ಮಧ್ಯಾಹ್ನ ಅವರು ಅಡ್ಡಾದಾಗ ಆ ಹೊಲಿಗೆ ಬಿಚ್ಚಿ, ನೆಟ್ಟಗೆ ಹೊಲಿದು, ಮಡಚಿ ಇಟ್ಟಲ್ಲೇ ಇಟ್ಟೆ. ದಿನಾ ಇದೇ ಕಳ್ಳಾಟ ನಡೆಯಿತು. ಅದರಲ್ಲಿ ಮಜಾನೂ ಬರತೊಡಗಿತು, ಸುಳ್ಳೇಕೆ ಹೇಳಲಿ.

ಎಡವಟ್ಟಾಗಿದ್ದು ಆಮೇಲೆ. ನನ್ನ ಗಂಡ ಜಮಖಂಡಿಯಲ್ಲಿ ಕಣ್ಣಿನ ಆಪರೇಶನ್ ಗೊತ್ತು ಮಾಡಿಕೊಂಡು ಬಂದರು. ಇನ್ನೂ ತಡ ಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಕೌದಿಯನ್ನು ಮಗನ ಮುಂದೆ ಹರವಿದರು.

"ನೋಡಪಾ, ಕಣ್ಣ ಕಾಣದಾಕಿ ಹಿಂಗ ಹೊಲಿತಾಳೇನು? ನನಗ ಯಾವ ಆಪರೇಶನ್ನೂ ಬ್ಯಾಡ."

ಪಟ್ಟಿಗಳು ನೆಟ್ಟಗೆ ಕುಳಿತಿದ್ದವು. ಗಂಡ ಆಸ್ಪತ್ರೆಯ ಚೀಟಿಯನ್ನು ಜೇಬಿಗೆ ತುರುಕಿಕೊಂಡು ಹೊರಗೆ ಹೋದರು. ಉಪಕಾರ ಮಾಡುತ್ತೇನೆಂದು ಹೋಗಿ ಅತ್ತೆಯ ಕಣ್ಣನ್ನೇ ಕಳೆಯಲು ಕುಳಿತಿದ್ದೆ.

ನಿಜ ಹೇಳುವ ಧೈರ್ಯವಿರಲಿಲ್ಲ. ಮರುದಿನ ಆಟ ತಿರುಗಿಸಿ, ನನ್ನದೇ ಹೊಲಿಗೆ ಬಿಚ್ಚಿ ಸೊಟ್ಟ ಹೊಲಿಯಲು ಶುರು ಮಾಡಿದೆ. ಬೇಕೆಂದೇ ಸೊಟ್ಟ ಹೊಲಿಯುವುದು ಎಂಥ ಫಜೀತಿ ಎಂದು ಆಗ ತಿಳಿಯಿತು. ಕೈ ಮಾತು ಕೇಳುವುದಿಲ್ಲ. ಪಕ್ಕದ ಮನೆಯ ಮಗ್ಗದ ಸದ್ದಿನಲ್ಲಿ ಅತ್ತೆ ಎದ್ದು ಬಂದಿದ್ದು ಕೇಳಿಸಲಿಲ್ಲ. ಪಕ್ಕದಲ್ಲೇ ಕುಳಿತು ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಇಷ್ಟ ದಿನಾ ಛಲೋ ಹೊಲಿದಿ, ಇವತ್ತ ಯಾಕ ಕೆಡಸಾಕತ್ತಿ?"

ಮೊದಲ ದಿನದಿಂದಲೇ ಗೊತ್ತಿತ್ತಂತೆ. ಅವರು ದಾರದ ತುದಿಗೆ ಎರಡು ಗಂಟು ಹಾಕುತ್ತಾರೆ, ನಾನು ಒಂದೇ. ಬೆರಳಿಗೆ ಅಷ್ಟು ಸಾಕಾಗಿತ್ತು. ಮತ್ತೇಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಒಂದು ಪಟ್ಟಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

"ಕಣ್ಣಾಗ ಕತ್ತರಿ ಹಾಕ್ತಾರಲ್ಲ, ಅಂಜಿಕಿ ಬರ್ತೈತಿ ನನಗ. ನಿನ್ನ ಹೊಲಿಗಿ ಒಂದ ನೆವಾ ಇತ್ತು."

ಇಡೀ ಓಣಿಯನ್ನು ಗದರಿಸುವ ಹೆಂಗಸು ಇವರೇನಾ ಅನ್ನಿಸಿತು. ಕೈ ಹಿಡಿದುಕೊಂಡೆ. ಆಪರೇಶನ್ ಕೋಣೆಯೊಳಗೆ ನಾನೂ ಬರುತ್ತೇನೆ ಎಂದೆ. ಡಾಕ್ಟರು ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು, ಆದರೂ ಒಪ್ಪಿದರು.

ಆಪರೇಶನ್ ಚೆನ್ನಾಗಿ ಆಯಿತು. ಇನ್ನು ಹೊಲಿಯಬಹುದು ಎಂದು ಡಾಕ್ಟರು ಹೇಳಿದ ದಿನ ಅತ್ತೆ ಕಪ್ಪು ಕನ್ನಡಕ ತೆಗೆದಿಟ್ಟು, ಕೌದಿಯನ್ನು ಬಾಗಿಲ ಬೆಳಕಿಗೆ ಹರವಿದರು. ನೆಟ್ಟಗೆ ಹೊಲಿದಿದ್ದೇನೆಂದು ನಾನು ಬೀಗುತ್ತಿದ್ದ ಪಟ್ಟಿಗಳನ್ನು ಒಂದೊಂದಾಗಿ ನೋಡಿದರು. ಕತ್ತರಿ ಈಸಿಕೊಂಡು, ಮೊದಲನೆಯ ಪಟ್ಟಿಯಿಂದ ನನ್ನ ಹೊಲಿಗೆ ಬಿಚ್ಚತೊಡಗಿದರು.