ಡಿಂಕ್ಸ್‌ಪರ್ಲೊದ ನೆರೆಮನೆಯವರು: ನಮ್ಮ ಇಂದುಮತಿ ಮೇಡಂ

ಟೆಕ್ಸಾಸ್‌ನ ಕನ್ನಡಿಗರಲ್ಲಿ ವೈದ್ಯರಿಗೂ ಇಂಜಿನಿಯರುಗಳಿಗೂ ಬರವಿಲ್ಲ. ಭೂಗೋಳವನ್ನೇ ಬದುಕಾಗಿಸಿಕೊಂಡು ಡಲ್ಲಾಸ್‌ನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವರು, ನಾನು ಬಲ್ಲಂತೆ, ಡಾ. ಇಂದುಮತಿಯವರೊಬ್ಬರೇ. ದೇಶವನ್ನು ರಾಜಧಾನಿಯಿಂದಲ್ಲ, ಅಂಚಿನ ಸಣ್ಣ ಊರಿನಿಂದ ಅರಿಯಬೇಕೆಂಬುದು ಅವರ ನಂಬಿಕೆ. 2019ರ ಈ ಮೇ ತಿಂಗಳಲ್ಲಿ ಅವರು ನಿವೃತ್ತರಾಗುತ್ತಿರುವಾಗ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ಶಿಷ್ಯರೆಲ್ಲ ಸೇರಿ ಅರ್ಪಿಸುತ್ತಿರುವ ಗ್ರಂಥಕ್ಕೆ, ಅವರ ಅನುಮತಿ ಪಡೆದೇ ಈ ನೆನಪನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಓದಿದ ಮೇಡಂ 1982ರಲ್ಲಿ ಸಂಶೋಧನೆಗೆಂದು ಪತಿ ಉದಯಶಂಕರ ಅವರೊಂದಿಗೆ ನೆದರ್ಲೆಂಡ್ಸ್‌ಗೆ ಹೋದರು. ಈಗ ಆಲ್ಟೆನ್ ಪುರಸಭೆಗೆ ಸೇರಿರುವ, ಜರ್ಮನಿಗೆ ಅಂಟಿಕೊಂಡ ಡಿಂಕ್ಸ್‌ಪರ್ಲೊ ಎಂಬ ಊರಿನಲ್ಲಿ ಎರಡು ವರ್ಷವಿದ್ದರು. ಅಲ್ಲೊಂದು ಬೀದಿಯುದ್ದಕ್ಕೂ ದೇಶದ ಗಡಿ ಸಾಗುತ್ತದೆ. ಒಂದು ಸಾಲಿನ ಮನೆಗಳು ಡಚ್ಚರವು, ಎದುರು ಸಾಲಿನವು ಜರ್ಮನರವು. ಡಚ್ ಸಾಲಿನಲ್ಲಿ ಮೇಡಂ ಅವರ ಮನೆಯಿತ್ತು. ಡಲ್ಲಾಸ್‌ಗೆ ಬಂದ ಮೇಲೆ ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿಗೆ ಆ ಪುರಸಭೆಯ ಪರಿಚಯ ಬರೆಯುವ ಕೆಲಸ ವಹಿಸುತ್ತಿದ್ದರು. 2012ರಲ್ಲಿ ಅದು ನನ್ನ ಪಾಲಿಗೆ ಬಂತು.

ಡಲ್ಲಾಸ್ ಪಕ್ಕದ ಅಲೆನ್ ಊರಿನ ನಮ್ಮ ಮನೆಯಲ್ಲಿ ಕೂತು, ಇಂಟರ್‌ನೆಟ್ಟಿನಿಂದ ಎತ್ತಿದ ವಿವರಗಳನ್ನು ಜೋಡಿಸಿ, ಒಂದೇ ಸಂಜೆಗೆ ಬರೆದು ಮುಗಿಸಿದೆ. ಓದಿದ ಮೇಡಂ ತಲೆಯೆತ್ತಿ ಕೇಳಿದರು:

"ಇದರಲ್ಲಿ ಹಸುಗಳಿವೆ, ರಸ್ತೆಗಳಿವೆ. ಜನ ಎಲ್ಲಿದಾರಮ್ಮ ಸುಪ್ರಜಾ?"

"ಜನಸಂಖ್ಯೆ ಹಾಕಿದೀನಲ್ಲ ಮೇಡಂ, ಇಪ್ಪತ್ತೇಳು ಸಾವಿರ."

"ಅವರಲ್ಲಿ ಒಬ್ಬರ ಹತ್ರನಾದ್ರೂ ಮಾತಾಡ್ಕೊಂಡು ಬಾ. ಗ್ರೇಡ್ ಆಮೇಲೆ."

ಅದುವರೆಗೆ ಯಾವ ವಿದ್ಯಾರ್ಥಿಗೂ ಕೊಡದಿದ್ದ ಫೋನ್ ನಂಬರೊಂದನ್ನು ಬರೆದುಕೊಟ್ಟರು. ಅವರ ಹಳೆಯ ನೆರೆಮನೆಯವರಾದ, ನಿವೃತ್ತ ಇಂಗ್ಲಿಷ್ ಶಿಕ್ಷಕಿ ಹೆನ್ನಿ ಲ್ಯಾಮರ್ಸ್ ಅವರದು. ಅವರು ಒಂದು ತಾಸು ಮಾತಾಡಿದರು. ಆ ಸೀಮೆಯಲ್ಲಿ ನೆರೆಹೊರೆ ಎಂದರೆ ಕಟ್ಟಳೆಯಂತೆ; ಹೆರಿಗೆಯಿರಲಿ, ಸಾವಿರಲಿ, ಕರೆಯದೆಯೇ ಬಂದು ಆ ಮನೆಯ ಕೆಲಸವನ್ನೆಲ್ಲ ಹೊತ್ತುಕೊಳ್ಳಬೇಕಂತೆ. ಫೋನ್ ಇಡುವ ಮುನ್ನ ಅವರು, "ಇಂದುಗೆ ಹೇಳು, ಮಗುವಿನ ಸಮಾಧಿ ಚೆನ್ನಾಗಿದೆ. ಭಾನುವಾರ ಹೋಗಿದ್ದೆ" ಎಂದರು.

ನನಗೆ ಏನೂ ಗೊತ್ತಿರಲಿಲ್ಲ. ಅದನ್ನರಿತು ಅವರೇ ಹೇಳಿದರು. 1984ರ ಫೆಬ್ರವರಿಯಲ್ಲಿ ಮೇಡಂ ಅವರ ನಲವತ್ತು ದಿನದ ಮಗಳು ನ್ಯುಮೋನಿಯಾದಿಂದ ತೀರಿಕೊಂಡಿದ್ದಳು. ಬಂಧುಗಳಿಲ್ಲದ ಆ ಊರಿನಲ್ಲಿ, ಎದುರು ಸಾಲಿನ ಜರ್ಮನ್ ಬಡಗಿ ಪುಟ್ಟ ಪೆಟ್ಟಿಗೆ ಮಾಡಿಕೊಟ್ಟನಂತೆ. ಎರಡೂ ಸಾಲಿನವರು ಹಿಮ ಸರಿಸಿ ದಾರಿ ಮಾಡಿದರಂತೆ. ಮೂರು ವಾರ ಊಟವೂ ಆ ಮನೆಗಳಿಂದಲೇ ಬಂದು, ಮೇಡಂ ಒಲೆ ಹಚ್ಚಬೇಕಾಗಲಿಲ್ಲವಂತೆ.

ಲೇಖನವನ್ನು ಹೊಸದಾಗಿ ಬರೆದೆ. ಮಗುವಿನ ವಿಷಯ ಬಿಟ್ಟೆ. ಮೇಡಂ ಕೊನೆಯವರೆಗೂ ಓದಿದರು.

"ಹೆನ್ನಿ ಇನ್ನೂ ಏನೋ ಹೇಳಿರ್ಬೇಕಲ್ಲ?"

"ಹೇಳಿದ್ರು. ಅದು ನಿಮ್ಮದು ಮೇಡಂ, ನಾನು ಬರೆಯೋದು ಸರಿಯಲ್ಲ ಅನ್ನಿಸ್ತು. ಸಮಾಧಿ ಚೆನ್ನಾಗಿದೆಯಂತೆ. ಭಾನುವಾರ ಹೋಗಿದ್ರಂತೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವರ್ಷ ವರ್ಷ ಯಾರನ್ನಾದ್ರೂ ಕಾಗದದ ಮೇಲೆ ಅಲ್ಲಿಗೆ ಕಳಿಸ್ತಿದ್ದೆ. ನಾನು ಮಾತ್ರ ಹೋಗ್ಲಿಲ್ಲ. ಧೈರ್ಯ ಬರ್ಲಿಲ್ಲ ಕಣೇ."

ಮರುವರ್ಷದ ಬೇಸಿಗೆಯಲ್ಲಿ ದಂಪತಿಗಳಿಬ್ಬರೂ ಹೋದರು. ಹಿಂತಿರುಗಿದ ಮೇಡಂ ಆ ಊರಿನ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆಯಲು ಕೂತರು. ಮಗಳ ಅಧ್ಯಾಯವನ್ನೇ ಮೊದಲು ಬರೆದರು.

2016ರಲ್ಲಿ ಆಸ್ಟಿನ್ ಬಳಿಯ ಲಿಯಾಂಡರ್‌ನಲ್ಲಿ ನನಗೆ ಹೆರಿಗೆಯಾದಾಗ, ಅಮ್ಮ ಅಜ್ಜಿಯ ಆರೈಕೆಗೆಂದು ಉಡುಪಿಯಲ್ಲಿದ್ದರು. ನಾನು ಕರೆದಿರಲಿಲ್ಲ. ಡಲ್ಲಾಸ್‌ನಿಂದ ಮೂರು ತಾಸಿಗೂ ಮಿಕ್ಕಿ ಡ್ರೈವ್ ಮಾಡಿಕೊಂಡು ಬಂದ ಮೇಡಂ, "ನೀನು ಏಳ್ಬೇಡ, ಅಡುಗೆಮನೆ ನಂದು" ಎಂದು ಎರಡು ವಾರ ನಿಂತರು. ನನ್ನ ಮಗಳು ಸಿಯಾಳಿಗೆ ದಿನವೂ ಎಣ್ಣೆಸ್ನಾನ ಮಾಡಿಸಿದವರು ಅವರೇ. ಮಗುವನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಅವರು ಸುಮ್ಮನೆ ನಿಂತುಬಿಡುತ್ತಿದ್ದ ಆ ಬೆಳಗುಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ.

ಈಗ ಹೆನ್ನಿಯವರಿಗೆ ಎಂಬತ್ತೆಂಟು; ದೃಷ್ಟಿ ಮಂದವಾಗಿದೆ. ಮುಂದಿನ ತಿಂಗಳು ಮೇಡಂ ಅಲ್ಲಿಗೆ ಹೋಗಿ, ಅವರಿಗೆ ಕಾಗದಪತ್ರ ಓದಿ ಹೇಳುತ್ತ ಮೂರು ತಿಂಗಳು ಇರುತ್ತಾರೆ. ಪುಸ್ತಕದ ಐದು ಅಧ್ಯಾಯಗಳು ಇನ್ನೂ ಬಾಕಿಯಿವೆ. ಅವನ್ನು ಮುಗಿಸುವಷ್ಟು, ಮುಗಿಸಿದ ಮೇಲೂ ಮತ್ತೊಂದನ್ನು ಆರಂಭಿಸುವಷ್ಟು ಆಯುಸ್ಸನ್ನೂ ಆರೋಗ್ಯವನ್ನೂ ಭಗವಂತ ನಮ್ಮ ಮೇಡಂಗೆ ಕರುಣಿಸಲಿ. ಗಡಿಯ ಆ ಬೀದಿಯಲ್ಲಿ ಅವರಿಗಾಗಿ ಒಂದು ಬಾಗಿಲು ಸದಾ ತೆರೆದಿರಲಿ.