ಜೌಗಿನ ನಡುವಿನ ದಿಬ್ಬ

ನಮ್ಮ ಸೋದರತ್ತೆ ಜೇನು ಸಾಕುತ್ತಿದ್ದಳು. ಮಾವ ದೋಣಿ ಕಟ್ಟುವ ಬಡಗಿ. ಇಬ್ಬರ ಕಣ್ಣೂ ಒಂದೇ ಮರಗಳ ಮೇಲಿತ್ತು. ನದಿಯಾಚೆ ಜೌಗಿನ ನಡುವೆ, ಮೀನಿನ ಬೆನ್ನಿನ ಹಾಗೆ ಉದ್ದಕ್ಕೆ ಎದ್ದ ಒಂದು ದಿಬ್ಬದಲ್ಲಿ ಆ ಮರಗಳಿದ್ದವು. ದಿಬ್ಬವೆಂದರೆ ಗುಡ್ಡವಲ್ಲ, ನದಿಯೇ ಹಿಂದೆಂದೋ ತಂದು ಸುರಿದ ಮರಳುಮಣ್ಣು, ಆಳೆತ್ತರವೂ ಇಲ್ಲ. ಅಷ್ಟು ಎತ್ತರಕ್ಕೇ ಅಲ್ಲಿನ ಗಿಡಮರಗಳ ಜಾತಿ ಬೇರೆಯಾಗಿಬಿಡುತ್ತಿತ್ತು.

ರಜೆಯಲ್ಲಿ ಅತ್ತೆ ನನ್ನನ್ನೂ ದೋಣಿಗೆ ಹತ್ತಿಸಿಕೊಳ್ಳುತ್ತಿದ್ದಳು. ಮೊದಲು ಎರಡೂ ಮಗ್ಗುಲಿಗೆ ಜೊಂಡು ಉಜ್ಜುತ್ತಿತ್ತು. ಆಮೇಲೆ ನೀರಲ್ಲೇ ನಿಂತ, ಬುಡ ಊದಿಕೊಂಡ ಮರಗಳು. ಅವುಗಳ ಬೇರು ಹಿಡಿದು ಹತ್ತಿದರೆ ಕಾಲಡಿ ತರಗೆಲೆ ಸದ್ದು ಮಾಡುತ್ತಿತ್ತು. ಮೇಲೆ ಅಗಲ ಕೊಂಬೆಯ ದೊಡ್ಡ ಮರಗಳು, ನೆರಳಲ್ಲಿ ಜರೀಗಿಡ, ಮುಳ್ಳುಹಂಬು, ಕಾಡುದ್ರಾಕ್ಷಿಯ ಬಳ್ಳಿ. "ಕೆಳಗಿನವು ಕಾಲು ನೆನೆಸ್ಕೊಂಡೇ ಬದುಕ್ತವೆ. ಮೇಲಿನವಕ್ಕೆ ಒದ್ದೆ ಆಗಿಬರಲ್ಲ," ಎನ್ನುತ್ತಿದ್ದಳು. ಮೇಲಿನ ಮರಗಳು ಹೂಬಿಟ್ಟಾಗ ಜೇನುಪೆಟ್ಟಿಗೆಗಳನ್ನು ಅಲ್ಲಿಗೆ ಸಾಗಿಸುತ್ತಿದ್ದಳು. ಆ ಜೇನಿನ ರುಚಿ ಈಗಲೂ ನನ್ನ ನಾಲಗೆ ಮರೆತಿಲ್ಲ.

ಮಾವನಿಗೆ ಅದೇ ಮರದ ಹಲಗೆ ಬೇಕು. ಗಂಡಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ಇವರದು ಬೆಳಗಿನ ಕಾಫಿಗೂ ಮುಂದುವರಿಯುತ್ತಿತ್ತು ಎಂದು ಅಜ್ಜಿ ನಗುತ್ತಿದ್ದಳು. ಕೊನೆಗೆ ಮಾವನೇ ದಾರಿ ಹುಡುಕಿದರು. ನಿಂತ ಮರ ಅತ್ತೆಯದು, ತಾನಾಗಿ ಬಿದ್ದದ್ದು ಅವರದು. ಅಂದಿನಿಂದ ಪ್ರತಿ ಬಿರುಗಾಳಿಯ ಮರುದಿನ ಇಬ್ಬರೂ ಒಂದೇ ದೋಣಿಯಲ್ಲಿ ಹೋಗಿ ನೋಡಿಬರುತ್ತಿದ್ದರು, ಒಬ್ಬರು ಆಸೆಯಿಂದ, ಒಬ್ಬರು ಅಂಜಿಕೆಯಿಂದ.

ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡ ನೆರೆ ಬಂತು. ನೀರು ದಿಬ್ಬ ಹತ್ತಿದ್ದು ಹೊಸದಲ್ಲ. ಆದರೆ ಹಿಂದೆಲ್ಲ ಬೇಗ ಇಳಿದುಬಿಡುತ್ತಿತ್ತು. ಆ ವರ್ಷ ಮಳೆಗಾಲ ಮುಗಿದರೂ ಕದಲಲಿಲ್ಲ. ನೆರೆ ಏರುವಾಗಲೇ ಮಾವ ಜೇನುಪೆಟ್ಟಿಗೆಗಳನ್ನು ತಮ್ಮ ಶೆಡ್ಡಿನ ಅಟ್ಟಕ್ಕೇರಿಸಿದ್ದರು. ವಾಸನೆಗೆ ಜೇನುಹುಳ ಓಡಿಹೋದಾವೆಂದು, ದೋಣಿಗೆ ಬಳಿಯುವ ಟಾರಿನ ಡಬ್ಬಗಳನ್ನು ಮಳೆಗೇ ಇಟ್ಟಿದ್ದರು.

ಚಿಗುರುವ ಕಾಲಕ್ಕೆ ಕೆಳಗಿನ ಮರಗಳು ಏನೂ ಆಗದಂತೆ ಹಸಿರಾದವು. ಮೇಲಿನವು ಚಿಗುರಲಿಲ್ಲ. ಅತ್ತೆ ಒಂದೊಂದರ ತೊಗಟೆಯನ್ನೂ ಉಗುರಿನಿಂದ ಕೆರೆದು ನೋಡಿದಳು. ಒಳಗೆಲ್ಲ ಕಂದು. ದೋಣಿಗೆ ಬಂದು ಕೂತ ಮೇಲೆ, "ಕಡ್ಕೊಳ್ಳಿ ರೀ. ಒಣಗಿ ನಿಂತ್ರೆ ಯಾರಿಗೇನು ಬಂತು?" ಎಂದಳು.

ಮಾವ ಹುಟ್ಟು ಹಾಕುತ್ತಲೇ ಇದ್ದರು. "ಬಿದ್ದದ್ದು ನಂದು ಅಂತ ತಾನೇ ಮಾತು? ಇನ್ನೂ ನಿಂತಿವೆಯಲ್ಲೇ."

ಅತ್ತೆ ಅತ್ತದ್ದನ್ನು ನಾನು ಕಂಡದ್ದು ಅಂದೇ.

ಒಂದೊಂದಾಗಿ ಉರುಳುವ ಹೊತ್ತಿಗೆ ಅವು ಒಳಗೆ ಕೊಳೆತು ಲಡ್ಡಾಗಿ ಹಲಗೆಗೆ ಬಾರದಂತಾಗಿದ್ದವು. ಹಾಗಾಗುತ್ತದೆಂದು ಮಾವನಿಗೆ ಮೊದಲೇ ಗೊತ್ತಿತ್ತು. ಬಿಸಿಲು ಬಿದ್ದ ದಿಬ್ಬವನ್ನು ಹಂಬು ಮುಚ್ಚಿತು. ಕೆಳಗಿನ ಮರಗಳ ಸಸಿಗಳು ಮೇಲಕ್ಕೇರಿ ಬಂದವು. ಅವುಗಳ ಹೂವಿನಿಂದ ಅತ್ತೆಗೆ ಸಿಕ್ಕಿದ್ದು ಕಪ್ಪು, ಕಹಿ ಜೇನು. ಯಾರೂ ಮುಟ್ಟುತ್ತಿರಲಿಲ್ಲ. ಮಾವ ಮಾತ್ರ ಬ್ರೆಡ್ಡಿಗೆ ಸವರಿಕೊಂಡು, ಕೆಮ್ಮಿಗೆ ಒಳ್ಳೇದು ಎನ್ನುತ್ತಿದ್ದರು. ಅವರಿಗೆ ಕೆಮ್ಮೇ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಕೊಳೆತ ದಿಮ್ಮಿಗಳ ಮಗ್ಗುಲಲ್ಲಿ ಹಳೆಯ ಜಾತಿಯ ಸಸಿಗಳು ಕಾಣಿಸಿಕೊಂಡವು. ಮಾವ ಹಂಬು ಬಿಡಿಸಿ ಅವಕ್ಕೆ ಜಾಗ ಮಾಡಿಕೊಟ್ಟರು. ಹೂವು ನೋಡಲು ಅವರು ಉಳಿಯಲಿಲ್ಲ. ಮೊದಲ ಹೂವಿನ ಸುದ್ದಿ ಬೆಸ್ತರಿಂದ ಬಂದಾಗ ಅತ್ತೆ ಜೇನುಸಾಕಣೆ ಬಿಟ್ಟಾಗಿತ್ತು, ಮಂಡಿ ಕೈಕೊಟ್ಟಿತ್ತು. ನಾನೇ ದೋಣಿ ನಡೆಸಿದೆ. ಅವಳು ಮರದಿಂದ ಮರಕ್ಕೆ ಕುಂಟುತ್ತ ಹೋಗಿ, ಪ್ರತಿಯೊಂದನ್ನೂ ತಡವಿದಳು.

ಆಮೇಲೂ ಹೂವಿನ ಕಾಲಕ್ಕೆ ತಪ್ಪದೆ ಹೋಗುತ್ತಿದ್ದೆವು. ಕೊನೆಯ ಸಲ ಅವಳಿಗೆ ದೋಣಿಯಿಂದ ಇಳಿಯಲಾಗಲಿಲ್ಲ. ನಾನೊಂದು ಗೊಂಚಲು ತಂದುಕೊಟ್ಟೆ. ಅದನ್ನು ಮಡಿಲಲ್ಲಿಟ್ಟುಕೊಂಡು, ಮನೆ ಮುಟ್ಟುವವರೆಗೂ ಮಾವನ ಹಳೆಯ ಕಿತಾಪತಿಗಳನ್ನು ಹೇಳಿ ನಗಿಸುತ್ತ ಬಂದಳು.